ಬಾರ್ಡರ್ರೋ, ಬೌಂಡರಿಯೋ? ‘ಗಡಿ’ಗೆ ಯಾವ ಇಂಗ್ಲಿಷ್ ಪದ ಹಾಕಬೇಕು?

ಹಗರಿ ನದಿ ದಂಡೆಯ ಒಂದು ಹೊಲದ ಕ್ರಯಪತ್ರ. ಅದರಲ್ಲಿ ‘ಉತ್ತರದ ಬದುವಿನ ಮೇಲಿರುವ ಬೇವಿನ ಮರ ಸಹಿತ’ ಅಂತ ಇತ್ತು. ಬಳ್ಳಾರಿಯಲ್ಲಿ ಇಂಥ ಕಾಗದಗಳನ್ನು ಇಂಗ್ಲಿಷಿಗೆ ಇಳಿಸಿಕೊಡುವುದೇ ನನ್ನ ಕೆಲಸ. ಹೆಚ್ಚು ಯೋಚಿಸದೆ ‘ನೀಮ್ ಟ್ರೀ ಆನ್ ದ ನಾರ್ದರ್ನ್ ಬಾರ್ಡರ್’ ಅಂತ ಟೈಪ್ ಮಾಡಿ ಕೊಟ್ಟೆ. ಎರಡು ದಿನ ಬಿಟ್ಟು ಕಾಗದ ವಾಪಸ್ ಬಂತು. ಪಕ್ಕದಲ್ಲಿ ವಕೀಲರ ಕೆಂಪು ಗೆರೆ. ‘ಬಾರ್ಡರ್ ಮೇಲೆ ಮರ ಅಂದ್ರೆ ಅರ್ಧ ಮರ ಆಚೆ ಹೊಲದವಂದೂ ಆತಲ್ರೀ. ಮರ ಇವನದೋ, ಇಬ್ರದ್ದೋ?’

ಮರ ಇವನದೇ ಆಗಿತ್ತು. ಬದುವೂ ಪೂರ್ತಿ ಇವನದೇ. ಆಚೆಯವನ ಹೊಲ ಶುರುವಾಗುವುದು ಬದು ಇಳಿದ ಮೇಲೆ. ಬದು ಅಂದರೆ ಎರಡು ಮೊಳ ಅಗಲದ ಮಣ್ಣಿನ ಏರಿ. ಅದರ ಮೇಲೆ ಬೇವು ಬೆಳೆಯುತ್ತದೆ, ಹುಲ್ಲು ಬೆಳೆಯುತ್ತದೆ, ಮಧ್ಯಾಹ್ನ ಬುತ್ತಿ ಬಿಚ್ಚಿ ಕೂರಬಹುದು. ಕಾಗದ ಕೇಳುತ್ತಿದ್ದದ್ದು ಆ ಏರಿಯನ್ನಲ್ಲ, ಏರಿಯ ಆಚೆ ಬುಡದಲ್ಲಿ ಹಾದುಹೋಗುವ ಕಣ್ಣಿಗೆ ಕಾಣದ ಗೆರೆಯನ್ನು. ಅದಕ್ಕೆ ಇಂಗ್ಲಿಷಿನಲ್ಲಿ ಬೌಂಡರಿ ಅನ್ನುತ್ತಾರೆ. ಏರಿಗೆ ಬಂಡ್ ಅನ್ನುತ್ತಾರೆ. ನಾನು ಎರಡಕ್ಕೂ ಸೇರಿ ಬಾರ್ಡರ್ ಅಂದಿದ್ದೆ.

ಅವತ್ತಿನಿಂದ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಪದ ಹಾಕುವ ಮುಂಚೆ ಕೇಳಿಕೊಳ್ಳುವುದು: ಇದಕ್ಕೆ ಅಗಲ ಇದೆಯಾ?

ಸೀರೆಯಿಂದ ಶುರು ಮಾಡೋಣ

ಬಾರ್ಡರ್ ಅನ್ನುವ ಪದ ನಮ್ಮ ಮನೆಗಳಿಗೆ ಮೊದಲು ಬಂದದ್ದು ಸೈನಿಕರ ಜೊತೆಗಲ್ಲ, ಸೀರೆಯ ಜೊತೆಗೆ. ಕುಷ್ಟಗಿ ದಾಟಿದರೆ ಇಳಕಲ್. ಅಲ್ಲಿಯ ಸೀರೆಗೆ ದಡಿ ಎಷ್ಟು ಇಂಚು ಅಂತ ಕೇಳಿಯೇ ಹೆಂಗಸರು ಬೆಲೆ ಮಾತಾಡುವುದು. ಗೋಮಿ, ಪರಾಸಪೇಟ ಅಂತ ದಡಿಗೆ ಹೆಸರುಗಳೂ ಉಂಟು. ಆ ದಡಿಯೇ ಬಾರ್ಡರ್. ಅದನ್ನು ಇಂಚಿನಲ್ಲಿ ಅಳೆಯಬಹುದು, ಅದಕ್ಕೆ ಬಣ್ಣ ಇದೆ, ನೇಯ್ಗೆ ಇದೆ, ಅದು ಸೀರೆಯದೇ ಭಾಗ. ಇಂಗ್ಲಿಷಿಗೆ ಈ ಪದ ಹಳೆಯ ಫ್ರೆಂಚಿನಿಂದ ಬಂತು, ಅಲ್ಲಿಯೂ ಅರ್ಥ ಅಂಚು, ಅಂಚುಪಟ್ಟಿ ಅಂತಲೇ. ದೇಶದ ಗಡಿ ಅನ್ನುವ ಅರ್ಥ ಅಂಟಿಕೊಂಡದ್ದು ಆಮೇಲೆ.

ಬೌಂಡರಿ ಹಂಗಲ್ಲ. ಅದಕ್ಕೆ ಉದ್ದ ಇದೆ, ಅಗಲ ಇಲ್ಲ. ಇಷ್ಟಕ್ಕೆ ಮುಗಿಯಿತು, ಇಲ್ಲಿಂದ ಆಚೆ ಇನ್ನೊಬ್ಬರದು ಅಂತ ಹೇಳುವ ಗೆರೆ ಅದು. ಕ್ರಿಕೆಟ್ಟಿನಲ್ಲಿ ಚೆಂಡು ಹಗ್ಗ ಮುಟ್ಟಿದರೂ ಸಾಕು, ಬೌಂಡರಿ. ಹಗ್ಗದ ಮೇಲೆ ಎಷ್ಟು ಹೊತ್ತು ನಿಂತಿತ್ತು ಅಂತ ಯಾರೂ ಕೇಳುವುದಿಲ್ಲ. ಕ್ರಿಕೆಟ್ಟಿನಲ್ಲಿ ಬಾರ್ಡರ್ ಅಂತ ಇರುವುದು ಒಬ್ಬ ಮನುಷ್ಯ ಮಾತ್ರ, ಗಾವಸ್ಕರ್ ಜೊತೆ ಟ್ರೋಫಿಗೆ ಹೆಸರು ಕೊಟ್ಟ ಅಲನ್ ಬಾರ್ಡರ್. ಅವರೂ ಹೊಡೆದದ್ದು ಬೌಂಡರಿಗಳನ್ನೇ.

ಹೀಗಾಗಿ ಪಟ್ಟಿಯಾದರೆ ಬಾರ್ಡರ್, ಗೆರೆಯಾದರೆ ಬೌಂಡರಿ. ಇಂಗ್ಲಿಷ್ ಮಾತಾಡುವವರು ಎಲ್ಲ ಸಲವೂ ಈ ಲೆಕ್ಕ ಹಿಡಿಯುವುದಿಲ್ಲ ಅನ್ನುವುದು ನಿಜ. ‘ಕ್ರಾಸ್ಡ್ ದ ಬಾರ್ಡರ್’ ಅನ್ನುವಾಗ ಅವರ ಮನಸ್ಸಿನಲ್ಲಿರುವುದೂ ಗೆರೆಯೇ. ಆದರೆ ಕೋರ್ಟು, ಕಂದಾಯ, ಸರ್ವೆ ಅಂತ ಬಂದಾಗ ಈ ಲೆಕ್ಕ ತಪ್ಪಿದರೆ ಬೇವಿನ ಮರ ಇಬ್ಭಾಗ ಆಗುತ್ತದೆ.

ಹೊಲ, ಪ್ಲಾಟು, ಮನೆ: ಇಲ್ಲಿ ಬೌಂಡರಿ ಬಿಟ್ಟು ಬೇರೆ ಬೇಡ

ಕ್ರಯಪತ್ರದಲ್ಲಿ ಚೆಕ್ಕುಬಂದಿ ಅಂತ ಒಂದು ಭಾಗ ಇರುತ್ತದೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಕಾಲುವೆ. ಇದನ್ನು ‘ಚೆಕ್ ಬಂದಿ’ ಅಂತ ಹಾಗೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೈತೊಳೆದುಕೊಂಡ ಅನುವಾದಗಳನ್ನು ನೋಡಿದ್ದೇನೆ. ‘ಬಾರ್ಡರ್ಸ್’ ಅಂದವರೂ ಇದ್ದಾರೆ. ಸರಿಯಾದ ಪದ ‘ಬೌಂಡರೀಸ್’. ಒಂದೊಂದು ದಿಕ್ಕನ್ನು ಬರೆಯುವಾಗ ‘ಬೌಂಡೆಡ್ ಆನ್ ದ ಈಸ್ಟ್ ಬೈ’ ಅನ್ನಬೇಕು. ಈ ‘ಬೈ’ ಮುಖ್ಯ. ‘ವಿತ್’ ಅಲ್ಲ.

ಬಾಂದು ಕಲ್ಲಿಗೂ ಇದೇ ಮಾತು. ಅದು ಬೌಂಡರಿ ಸ್ಟೋನ್. ಬಾರ್ಡರ್ ಸ್ಟೋನ್ ಅಂದರೆ ತೋಟದ ಪಾತಿ ಸುತ್ತ ಅಂದಕ್ಕೆ ಜೋಡಿಸಿದ ಕಲ್ಲು ಅಂತ ತಿಳಿದಾರು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಇಂಗ್ಲಿಷ್ ಪಾಠವೂ ಹೊಲದ ಗುರುತುಗಳನ್ನು ‘ಬೌಂಡರಿ ಮಾರ್ಕ್’ ಅಂತಲೇ ಕರೆಯುತ್ತದೆ. ಹದ್ದುಬಸ್ತು ಅರ್ಜಿ ಹಾಕುವವರು ಇಂಗ್ಲಿಷಿನಲ್ಲಿ ಬರೆಯಬೇಕಾದರೆ ‘ಫಿಕ್ಸಿಂಗ್ ಆಫ್ ಬೌಂಡರೀಸ್’ ಅಂದರೆ ಸಾಕು. ಹದ್ದು ಅಂದರೆ ಎಲ್ಲೆ, ಬಸ್ತು ಅಂದರೆ ಕಟ್ಟುವುದು. ಹೊಲದ ತುಂಬ ಹಾರಾಡುವ ಹದ್ದಿಗೂ ಇದಕ್ಕೂ ಸಂಬಂಧವಿಲ್ಲ, ಇದು ಅರಬ್ಬಿಯಿಂದ ಬಂದ ಪದ.

ಅಳತೆಯ ಮಾತು ಬಂದದ್ದಕ್ಕೆ ಇನ್ನೊಂದು. ನಮ್ಮ ಬಳ್ಳಾರಿ ಕಡೆ ಹೊಲವನ್ನು ಎಕರೆ, ಸೆಂಟ್ಸ್ ಅಂತ ಹೇಳುತ್ತೇವೆ, ಎಕರೆಗೆ 100 ಸೆಂಟ್ಸ್. ತುಂಗಭದ್ರೆ ದಾಟಿ ಗಂಗಾವತಿ, ಸಿಂಧನೂರು ಕಡೆ ಹೋದರೆ ಎಕರೆ, ಗುಂಟೆ, ಎಕರೆಗೆ 40 ಗುಂಟೆ. ಮದ್ರಾಸು ಸರಕಾರ ಇತ್ತಲಾಗಿತ್ತು, ನಿಜಾಮನ ಸರಕಾರ ಅತ್ತಲಾಗಿತ್ತು. ಸರಕಾರಗಳು ಹೋದವು, ಸರಪಳಿಯ ಅಳತೆ ಉಳಿಯಿತು. ಗುಂಟೆಯನ್ನು ಸೆಂಟ್ ಅಂತ ಅನುವಾದಿಸಿದವನನ್ನೂ ಕಂಡಿದ್ದೇನೆ. ಅದು ಬಾರ್ಡರ್-ಬೌಂಡರಿ ತಪ್ಪಿಗಿಂತ ದೊಡ್ಡದು, ಯಾಕಂದರೆ ಒಂದು ಗುಂಟೆ ಎರಡೂವರೆ ಸೆಂಟ್ ಆಗುತ್ತದೆ.

ರಾಜ್ಯದ ಗಡಿ: ಇಲ್ಲಿ ಎರಡೂ ಬೇಕು

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಸಂವಿಧಾನದ 3ನೇ ವಿಧಿಯ ಇಂಗ್ಲಿಷ್ ಪಾಠದಲ್ಲಿ ಸಂಸತ್ತು ರಾಜ್ಯಗಳ ‘ಬೌಂಡರೀಸ್’ ಬದಲಿಸಬಹುದು ಅಂತ ಇದೆ, ‘ಬಾರ್ಡರ್ಸ್’ ಅಂತ ಇಲ್ಲ. 1966ರಲ್ಲಿ ರಚನೆಯಾಗಿ 1967ರಲ್ಲಿ ವರದಿ ಕೊಟ್ಟ ಮಹಾಜನ್ ಆಯೋಗದ ಅಧಿಕೃತ ಹೆಸರಿನಲ್ಲೂ ಇರುವುದು ‘ಬೌಂಡರಿ ಡಿಸ್ಪ್ಯೂಟ್ಸ್’. ಪತ್ರಿಕೆಗಳು ಮಾತ್ರ ‘ಬಾರ್ಡರ್ ರೋ’ ಅಂತ ಬರೆಯುತ್ತವೆ, ಶೀರ್ಷಿಕೆಗೆ ಚಿಕ್ಕ ಪದ ಬೇಕಲ್ಲ. 1947ರಲ್ಲಿ ರ್‍ಯಾಡ್‌ಕ್ಲಿಫ್ ಅಧ್ಯಕ್ಷರಾಗಿದ್ದವೂ ಪಂಜಾಬ್ ಮತ್ತು ಬಂಗಾಳ ಬೌಂಡರಿ ಕಮಿಷನ್‌ಗಳು. ಅವರು ನಕ್ಷೆಯ ಮೇಲೆ ಎಳೆದದ್ದು ಬೌಂಡರಿ. ಆ ಗೆರೆಯ ಈಚೆ ಬೇಲಿ ಹಾಕಿ, ಗಸ್ತು ತಿರುಗಿ ಕಾಯುವುದು ಬಾರ್ಡರ್, ಅದಕ್ಕೇ 1965ರಲ್ಲಿ ಹುಟ್ಟಿದ ಪಡೆಯ ಹೆಸರು ಬಾರ್ಡರ್ ಸೆಕ್ಯುರಿಟಿ ಫೋರ್ಸ್. ಗೆರೆಯನ್ನು ಕಾಯಲು ಆಗುವುದಿಲ್ಲ, ಗೆರೆಯ ಪಕ್ಕದ ನೆಲವನ್ನು ಕಾಯಬೇಕು. ನಮ್ಮಲ್ಲಿಯೂ ಅಷ್ಟೇ, ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ ಇಂಗ್ಲಿಷಿನಲ್ಲಿ ‘ಬಾರ್ಡರ್ ಏರಿಯಾ’. ಅಭಿವೃದ್ಧಿ ಮಾಡಬೇಕಾದದ್ದು ಊರುಗಳನ್ನು, ಗೆರೆಯನ್ನಲ್ಲ.

ಬಳ್ಳಾರಿಯವರಿಗೆ ಇದು ಬರೀ ವ್ಯಾಕರಣ ಅಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ಅತ್ತ ಹೋದವು, ಬಳ್ಳಾರಿ ಮತ್ತು ಉಳಿದ ತಾಲೂಕುಗಳು ಮೈಸೂರಿಗೆ ಬಂದವು. ಬಳ್ಳಾರಿ ತಾಲೂಕು ಯಾರಿಗೆ ಅನ್ನುವುದನ್ನು ನೋಡಲು ನ್ಯಾಯಮೂರ್ತಿ ಮಿಶ್ರಾ ಅವರ ಆಯೋಗವೇ ಬಂದಿತ್ತು. ಆಯೋಗದ ಕಾಗದದಲ್ಲಿ ತಾಲೂಕು, ಫಿರ್ಕಾ (ಹೋಬಳಿಯಂಥ ಕಂದಾಯ ವಿಭಾಗ), ಭಾಷೆವಾರು ಜನಸಂಖ್ಯೆ. ಬೀದಿಯಲ್ಲಿ ‘ಗಡಿ’. ಪೈಲ್ವಾನ್ ರಂಜಾನ್ ಸಾಬ್ ಜೀವ ಕೊಟ್ಟದ್ದು ಈ ಗಡಿಗಾಗಿ. ಆ ಹೋರಾಟದ ಬಗ್ಗೆ ಇಂಗ್ಲಿಷಿನಲ್ಲಿ ಬರೆಯಬೇಕಾಗಿ ಬಂದಾಗ ನಾನು ಬೌಂಡರಿ ಅನ್ನುವುದಿಲ್ಲ, ಬಾರ್ಡರ್ ಅನ್ನುತ್ತೇನೆ. ಜನ ಹೊಡೆದಾಡಿದ್ದು ಗೆರೆಗಲ್ಲ, ಗೆರೆಯ ಪಕ್ಕದ ತಮ್ಮ ಊರಿಗೆ.

ಅದಿರಿನ ಗುಡ್ಡಗಳ ತಕರಾರು ಮಾತ್ರ ಪಕ್ಕಾ ಬೌಂಡರಿ. ಬಳ್ಳಾರಿ ಮತ್ತು ಅನಂತಪುರದ ನಡುವಿನ ಕಾಡಿನಲ್ಲಿ ರಾಜ್ಯದ ಗೆರೆ ಎಲ್ಲಿ ಹಾದುಹೋಗುತ್ತದೆ ಅನ್ನುವುದೇ ಪ್ರಶ್ನೆಯಾಗಿ, ಸರ್ವೆ ಆಫ್ ಇಂಡಿಯಾ ಬಂದು ಅಳೆಯಬೇಕಾಯಿತು. ಅಲ್ಲಿ ನೂರು ಅಡಿ ಅತ್ತಿತ್ತ ಆದರೆ ಕೋಟಿಗಳ ಲೆಕ್ಕ. ಇಂಥ ಕಡೆ ಎರಡು ಪದಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಕಾಗದದ ಮೇಲೆ ಗೆರೆ ಯಾವುದು ಅಂತ ತೀರ್ಮಾನಿಸುವುದು ‘ಡಿಲಿಮಿಟೇಶನ್’, ನೆಲದ ಮೇಲೆ ಕಲ್ಲು ನೆಟ್ಟು ತೋರಿಸುವುದು ‘ಡಿಮಾರ್ಕೇಶನ್’. ಕನ್ನಡ ಪತ್ರಿಕೆಗಳು ಎರಡಕ್ಕೂ ‘ಗಡಿ ಗುರುತು’ ಅಂದುಬಿಡುತ್ತವೆ.

ಕಂಪ್ಲಿ ಸೇತುವೆ ಮೇಲೆ ನಿಂತು

ಒಂದೇ ಗೆರೆ ಒಂದು ಕಾಲಕ್ಕೆ ಬಾರ್ಡರ್ ಆಗಿದ್ದು, ಇನ್ನೊಂದು ಕಾಲಕ್ಕೆ ಬೌಂಡರಿ ಆಗಬಹುದಾ? ಆಗಬಹುದು. ಅದನ್ನು ನೋಡಬೇಕಾದರೆ ಕಂಪ್ಲಿಯಿಂದ ಗಂಗಾವತಿಗೆ ಹೋಗುವ ಸೇತುವೆ ಮೇಲೆ ನಿಲ್ಲಬೇಕು. ತುಂಗಭದ್ರಾ ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟರೆ ಮುಳುಗುತ್ತದಲ್ಲ, ಅದೇ ಸೇತುವೆ. ಇವತ್ತು ಈಚೆ ದಂಡೆ ಬಳ್ಳಾರಿ ಜಿಲ್ಲೆ, ಆಚೆ ದಂಡೆ ಕೊಪ್ಪಳ ಜಿಲ್ಲೆ. ಗೆರೆ ದಾಟಿದ್ದು ಬಸ್ಸಿನಲ್ಲಿ ಕೂತವರಿಗೆ ಗೊತ್ತೂ ಆಗುವುದಿಲ್ಲ. ಜಿಲ್ಲೆ-ಜಿಲ್ಲೆಯ ನಡುವಿನದು ಬೌಂಡರಿ, ‘ಡಿಸ್ಟ್ರಿಕ್ಟ್ ಬೌಂಡರಿ’. ಇಲ್ಲಿ ಬಾರ್ಡರ್ ಅಂದರೆ ಪೆಟ್ಟಿಗೆ ಬಿಚ್ಚಿ ತೋರಿಸಬೇಕೇನೋ ಅನ್ನಿಸುತ್ತದೆ.

ನಮ್ಮ ಅಜ್ಜಂದಿರ ಕಾಲಕ್ಕೆ ಪೆಟ್ಟಿಗೆ ಬಿಚ್ಚಿ ತೋರಿಸಬೇಕಿತ್ತು. ಈಚೆ ಬ್ರಿಟಿಷರ ಮದ್ರಾಸು ಪ್ರಾಂತ್ಯ, ಆಚೆ ನಿಜಾಮನ ಹೈದರಾಬಾದು. ನಿಜಾಮನಿಗೆ ಕರೋಡಗಿರಿ ಅಂತ ಸುಂಕದ ಇಲಾಖೆ ಇತ್ತು, ಬೇರೆ ನಾಣ್ಯ ಇತ್ತು. 1800ರಲ್ಲಿ ನಿಜಾಮ ಬಳ್ಳಾರಿಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ತುಂಗಭದ್ರೆ ಹೀಗೆ ಎರಡು ಆಡಳಿತಗಳ ನಡುವೆ ಹರಿಯಿತು. 1947ರ ಆಗಸ್ಟ್ 15ಕ್ಕೆ ಈಚೆಯವರಿಗೆ ಸ್ವಾತಂತ್ರ್ಯ ಬಂತು, ಆಚೆಯವರಿಗೆ 1948ರ ಸೆಪ್ಟೆಂಬರ್ 17ರವರೆಗೆ ಇಲ್ಲ. ಆ ಹದಿಮೂರು ತಿಂಗಳು ರಜಾಕಾರರಿಂದ ತಪ್ಪಿಸಿಕೊಂಡು ಹೈದರಾಬಾದು ಸೀಮೆಯ ಸುತ್ತಲೂ ಜನ ಶಿಬಿರ ಕಟ್ಟಿಕೊಂಡರು. ಅಳವಂಡಿ ಶಿವಮೂರ್ತಿ ಸ್ವಾಮಿಗಳು ಮುನ್ನಡೆಸಿದ ಮುಂಡರಗಿ ಶಿಬಿರ ಅಂಥದ್ದೊಂದು. ಇವುಗಳಿಗೆ ಇಂಗ್ಲಿಷಿನಲ್ಲಿ ‘ಬಾರ್ಡರ್ ಕ್ಯಾಂಪ್ಸ್’. ಬೌಂಡರಿ ಕ್ಯಾಂಪ್ಸ್ ಅಂತ ಬರೆದರೆ ಯಾವುದೋ ಕಾಂಪೌಂಡ್ ಗೋಡೆ ಪಕ್ಕ ಟೆಂಟ್ ಹಾಕಿದಂತೆ ಇರುತ್ತದೆ.

1956ರ ನವೆಂಬರ್ 1ಕ್ಕೆ ರಾಯಚೂರು, ಕೊಪ್ಪಳ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅದೇ ನೀರಿನ ನಡುವಿನ ಗೆರೆ ಬರೀ ಜಿಲ್ಲೆಯ ಬೌಂಡರಿಯಾಯಿತು. ಹಳೆಯ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರ ಆಂಧ್ರಕ್ಕೆ ಹೋಗಿ ಅಲ್ಲೊಂದು ಹೊಸ ಬಾರ್ಡರ್ ಹುಟ್ಟಿತು. ಈಗ ಅದು ತೆಲಂಗಾಣದ ಬಾರ್ಡರ್.

ದಾಟುವಾಗ ಯಾರಾದರೂ ತಡೆಯುವ ಹಾಗಿದ್ದರೆ, ಕಾನೂನು ಬದಲಾಗುವ ಹಾಗಿದ್ದರೆ ಬಾರ್ಡರ್. ಕಾಗದದ ಮೇಲಷ್ಟೇ ಬದಲಾಗುವುದಾದರೆ ಬೌಂಡರಿ. ಅಗಲದ ಪರೀಕ್ಷೆಗೆ ಇದನ್ನು ಜೋಡಿ ಮಾಡಿಕೊಂಡರೆ ನೂರಕ್ಕೆ ತೊಂಬತ್ತು ಸಲ ಕೆಲಸ ಆಗುತ್ತದೆ.

ಪೊಲೀಸರ ಸರಹದ್ದು

‘ಬ್ರೂಸ್‌ಪೇಟೆ ಠಾಣಾ ಸರಹದ್ದಿನಲ್ಲಿ’ ಅಂತ ದೂರಿನಲ್ಲಿ ಬಂದರೆ ಬಾರ್ಡರ್ರೂ ಅಲ್ಲ, ಬೌಂಡರಿಯೂ ಅಲ್ಲ. ‘ವಿದಿನ್ ದ ಲಿಮಿಟ್ಸ್ ಆಫ್’. ನಗರಸಭೆ ವ್ಯಾಪ್ತಿಗೂ ‘ಲಿಮಿಟ್ಸ್’, ಅದೂ ಬಹುವಚನದಲ್ಲೇ. ಒಂದೇ ಲಿಮಿಟ್ ಅಂದರೆ ಮಿತಿ, ವೇಗದ ಮಿತಿ ಇದ್ದಂತೆ. ಕೊನೆಯ ‘ಸ್’ ಬಿಟ್ಟರೆ ಅರ್ಥ ಜಾರುತ್ತದೆ.

ಫ್ರಾಂಟಿಯರ್: ಮುಖ ಇರುವ ಗಡಿ

ಈ ಪದದ ಬುಡದಲ್ಲಿ ಲ್ಯಾಟಿನ್ನಿನ ‘ಹಣೆ’ ಇದೆ. ಮುಂದಲೆ, ಮುಖ. ಎದುರಿಗಿರುವವನ ಕಡೆ ಮುಖ ಮಾಡಿ ನಿಂತ ನಾಡು ಫ್ರಾಂಟಿಯರ್. 1901ರಲ್ಲಿ ಬ್ರಿಟಿಷರು ವಾಯವ್ಯದಲ್ಲಿ ಕಟ್ಟಿದ ಪ್ರಾಂತ್ಯಕ್ಕೆ ಈ ಪದ ಹಾಕಿದರು, ಅಲ್ಲಿಂದಲೇ ಖಾನ್ ಅಬ್ದುಲ್ ಗಫಾರ್ ಖಾನ್ ‘ಫ್ರಾಂಟಿಯರ್ ಗಾಂಧಿ’ ಆದರು. ‘ಬಾರ್ಡರ್ ಗಾಂಧಿ’ ಅಂದು ನೋಡಿ, ಗಾಂಭೀರ್ಯ ಪೂರಾ ಇಳಿದುಹೋಗುತ್ತದೆ. ಕನ್ನಡದ ‘ಗಡಿನಾಡ ಗಾಂಧಿ’ ಚೆನ್ನಾಗಿದೆ, ಯಾಕಂದರೆ ‘ನಾಡು’ ಸೇರಿದ್ದರಿಂದ ನೆಲದ ಹರಹು ಬಂತು.

ನಮ್ಮಲ್ಲಿ ಈ ಪದಕ್ಕೆ ತಕ್ಕ ನೆಲ ಅಂದರೆ ಕೃಷ್ಣಾ-ತುಂಗಭದ್ರಾ ನಡುವಿನ ರಾಯಚೂರು ದೋಆಬ್. ವಿಜಯನಗರಕ್ಕೂ ಬಹಮನಿಗಳಿಗೂ, ಆಮೇಲೆ ಬಿಜಾಪುರದವರಿಗೂ ಇದಕ್ಕಾಗಿ ಬಡಿದಾಟ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದ. ಆ ಕಾಲಕ್ಕೆ ಇಲ್ಲಿ ಗೆರೆ ಇರಲಿಲ್ಲ, ಕಲ್ಲು ನೆಟ್ಟಿರಲಿಲ್ಲ. ಇದ್ದದ್ದು ಕೋಟೆಗಳು: ರಾಯಚೂರು, ಮುದಗಲ್ಲು. ಇವತ್ತು ನಿನ್ನದು, ನಾಳೆ ನನ್ನದು. ಇಂಥದ್ದನ್ನು ಬೌಂಡರಿ ಅಂದರೆ ಸುಳ್ಳಾಗುತ್ತದೆ, ಬಾರ್ಡರ್ ಅಂದರೆ ಸಣ್ಣದಾಗುತ್ತದೆ. ಫ್ರಾಂಟಿಯರ್ ಸರಿ.

ಇನ್ನೂ ಹಿಂದಕ್ಕೆ ಹೋದರೆ ಮಸ್ಕಿ, ಕೊಪ್ಪಳದ ಕಡೆ ಬಂಡೆಗಳ ಮೇಲೆ ಅಶೋಕ ಬರೆಸಿದ ಕಿರು ಶಾಸನಗಳಿವೆ. ಈ ಕಿರು ಶಾಸನದ ಪಾಠದಲ್ಲಿ ‘ಅಂತ’ದವರೂ ಇದನ್ನು ತಿಳಿಯಲಿ ಅನ್ನುವ ಅರ್ಥದ ಮಾತು ಬರುತ್ತದೆ. ಅಂತ ಅಂದರೆ ಕೊನೆ, ಅಂದರೆ ರಾಜ್ಯದ ಕೊನೆಯ ಸೀಮೆಯ ಜನ. ಇಂಗ್ಲಿಷಿಗೆ ತಂದವರಲ್ಲಿ ಒಬ್ಬೊಬ್ಬರು ಒಂದೊಂದು ಪದ ಹಾಕಿದ್ದಾರೆ. ನನ್ನನ್ನು ಕೇಳಿದರೆ ‘ಪೀಪಲ್ ಆಫ್ ದ ಫ್ರಾಂಟಿಯರ್’.

ಅಮೆರಿಕದವರಿಗೆ ಫ್ರಾಂಟಿಯರ್ ಅಂದರೆ ವಲಸೆ ಬಂದವರು ನೆಲೆಸಿದ ಸೀಮೆಯ ಕೊನೆಯಂಚು, ಅದರಾಚೆ ತಾವಿನ್ನೂ ಕಾಲಿಡದ ನೆಲ. ಅದಕ್ಕೇ ವಿಜ್ಞಾನದ ಹೊಸ ಸಂಶೋಧನೆಗೆ ಆ ಪದ ಅಂಟಿದೆ. ಹೊಲದ ತಕರಾರಿನಲ್ಲಿ ಅದನ್ನು ಬಳಸಬೇಡಿ, ದಯವಿಟ್ಟು. ಒಬ್ಬರು ಬಳಸಿದ್ದರು.

ಎಡ್ಜ್, ಮಾರ್ಜಿನ್

ಎಡ್ಜ್ ಅಂದರೆ ಅಂಚು, ಮೂಲದಲ್ಲಿ ಕತ್ತಿಯ ಬಾಯಿ. ಕೆರೆಯ ಅಂಚು, ಮೇಜಿನ ಅಂಚು, ಬಿದ್ದರೆ ಕೆಳಕ್ಕೇ. ಮಾರ್ಜಿನ್ ಹಾಳೆಯಲ್ಲಿ ಬರೆಯದೆ ಬಿಟ್ಟ ಜಾಗ, ವ್ಯಾಪಾರದಲ್ಲಿ ಉಳಿಯುವ ಲಾಭ. ಹಾಳೆಗೆ ಸುತ್ತಲೂ ಅಲಂಕಾರದ ಗೆರೆ ಹಾಕಿದರೆ ಅದು ಬಾರ್ಡರ್, ಖಾಲಿ ಬಿಟ್ಟರೆ ಮಾರ್ಜಿನ್. ಮದುವೆ ಪತ್ರಿಕೆ ಮಾಡಿಸಲು ಬಂದವರು ‘ಮಾರ್ಜಿನ್ನಿಗೆ ಹೂಬಳ್ಳಿ ಹಾಕ್ರಿ’ ಅಂದಾಗ ನಾನು ತಿದ್ದುವುದಿಲ್ಲ, ಹೂಬಳ್ಳಿ ಹಾಕಿಕೊಡುತ್ತೇನೆ.

ವ್ಯಾಕರಣದಲ್ಲಿ ಎಡವುವ ಜಾಗ

ಬಾರ್ಡರ್ ಕ್ರಿಯಾಪದವೂ ಆಗುತ್ತದೆ. ‘ರಾಯಚೂರ್ ಬಾರ್ಡರ್ಸ್ ತೆಲಂಗಾಣ’ ಅಂದರೆ ರಾಯಚೂರು ತೆಲಂಗಾಣಕ್ಕೆ ಹೊಂದಿಕೊಂಡಿದೆ ಅಂತ. ನಾವು ‘ತೆಲಂಗಾಣಕ್ಕೆ’ ಅನ್ನುವ ವಿಭಕ್ತಿಯನ್ನು ಹೊತ್ತುಕೊಂಡು ಹೋಗಿ ‘ಬಾರ್ಡರ್ಸ್ ವಿತ್’, ‘ಬಾರ್ಡರ್ಸ್ ಟು’ ಅಂತ ಬರೆಯುತ್ತೇವೆ. ಬೇಡ. ‘ವಿತ್’ ಬೇಕೇಬೇಕೆಂದರೆ ‘ಶೇರ್ಸ್ ಎ ಬಾರ್ಡರ್ ವಿತ್’ ಅನ್ನಿ. ‘ಬಾರ್ಡರ್ಸ್ ಆನ್’ ಅಂದರೆ ಹೆಚ್ಚಾಗಿ ಬೇರೆ ಅರ್ಥ: ಹುಚ್ಚಿಗೆ ಹತ್ತಿರ, ಅಪರಾಧಕ್ಕೆ ಹತ್ತಿರ ಅನ್ನುವಾಗ ಅದು.

ಬೌಂಡರಿ ಕ್ರಿಯಾಪದ ಆಗುವುದಿಲ್ಲ, ಅದರ ಅಣ್ಣ ‘ಬೌಂಡ್’ ಆಗುತ್ತದೆ, ಮೇಲೆ ಹೇಳಿದ ‘ಬೌಂಡೆಡ್ ಬೈ’. ಬೌಂಡರಿಯ ಒಳಗೆ ‘ವಿದಿನ್’, ಗೆರೆಯ ಮೇಲೇ ಇದ್ದರೆ ‘ಆನ್’, ಗೆರೆಯ ಗುಂಟ ಹಾದುಹೋದರೆ ‘ಅಲಾಂಗ್’. ಮಂತ್ರಾಲಯಕ್ಕೆ ರಾಯಚೂರಿನಿಂದ ಹೋಗುವಾಗ ತುಂಗಭದ್ರೆ ದಾಟಿದರೆ ಆಂಧ್ರ. ನದಿ ಅಲ್ಲಿ ಗಡಿಯ ‘ಅಲಾಂಗ್’, ನಾವು ‘ಅಕ್ರಾಸ್’.

ತಿರುಗಿಸಿ ಕನ್ನಡಕ್ಕೆ ತರುವಾಗ

ಇಂಗ್ಲಿಷಿನಲ್ಲಿ ಆರೇಳು ಪದ ಇವೆ ಅಂತ ಬೆರಗಾಗುವವರು ನಮ್ಮ ಮನೆಯ ಪೆಟ್ಟಿಗೆ ತೆಗೆದು ನೋಡಿಲ್ಲ. ಗಡಿ, ಎಲ್ಲೆ, ಮೇರೆ, ಸೀಮೆ, ಸರಹದ್ದು, ಹದ್ದು, ಬದು, ಅಂಚು, ದಡಿ, ಮಿತಿ. ಬಳ್ಳಾರಿಯಲ್ಲಿ ತೆಲುಗಿನವರ ಪೊಲಿಮೇರವೂ ಕಿವಿಗೆ ಬೀಳುತ್ತದೆ, ಊರ ಹೊರಗಿನ ಎಲ್ಲೆ ಅದು.

ಗಡಿಯನ್ನು ನಾಡು, ರಾಜ್ಯ, ದೇಶಕ್ಕೆ ಮೀಸಲಿಡುವುದು ಒಳ್ಳೆಯದು. ‘ಪ್ಲಾಟಿನ ಗಡಿ’ ಅಂದರೆ ಪ್ಲಾಟಿನ ಮಾಲೀಕ ಸೈನ್ಯ ಇಟ್ಟುಕೊಂಡಿದ್ದಾನೇನೋ ಅನ್ನಿಸುತ್ತದೆ. ಗಡಿಪಾರಿಗೆ ಇಂಗ್ಲಿಷಿನಲ್ಲಿ ಬಾರ್ಡರ್ ಇಲ್ಲವೇ ಇಲ್ಲ, ‘ಎಕ್ಸ್‌ಟರ್ನ್‌ಮೆಂಟ್’. ಎಲ್ಲೆ ಹೊಲಕ್ಕೂ ಆಗುತ್ತದೆ, ನಡತೆಗೂ ಆಗುತ್ತದೆ. ಮೇರೆ ಈಗ ಹೆಚ್ಚಾಗಿ ‘ಮೀರು’ ಜೊತೆ ಬದುಕಿದೆ, ಸಂತೋಷ ಮೇರೆ ಮೀರುತ್ತದೆ. ಉಳಿದಂತೆ ಸರಕಾರಿ ಪತ್ರದಲ್ಲಿ ‘ಆದೇಶದ ಮೇರೆಗೆ’ ಅಂತ ದುಡಿಯುತ್ತಿದೆ. ಸೀಮೆ ವಿಚಿತ್ರ ಪದ. ಗೆರೆಯೂ ಅದೇ, ಗೆರೆಯ ಒಳಗಿನ ನೆಲವೂ ಅದೇ. ವಿಜಯದಶಮಿಯ ಸೀಮೋಲ್ಲಂಘನದಲ್ಲಿ ಅದು ಊರಿನ ಗೆರೆ, ದಾಟಿ ಬನ್ನಿ ಮುಡಿಯಬೇಕು. ‘ನಮ್ಮ ಸೀಮೆಯವರು’ ಅಂದಾಗ ಪೂರಾ ನಾಡು. ಸೀಮೆಎಣ್ಣೆಯಲ್ಲಿ ಬೇರೆ ನಾಡು! ಇಂಗ್ಲಿಷಿನ ಯಾವ ಒಂದು ಪದವೂ ಇದರ ಹೊರೆ ಹೊರುವುದಿಲ್ಲ.

ಈಗ ಹುಡುಗರು ‘ಬೌಂಡರಿ ಸೆಟ್ ಮಾಡ್ಕೊಳ್ಳೋದು’ ಅಂತ ಮಾತಾಡುತ್ತಾರೆ, ಸಂಬಂಧಗಳಲ್ಲಿ. ಇದಕ್ಕೆ ‘ಗಡಿ ಹಾಕುವುದು’ ಅಂತ ಅನುವಾದ ಮಾಡಿದ್ದನ್ನು ಓದಿ ನಕ್ಕಿದ್ದೇನೆ. ‘ಎಲ್ಲೆ’ ಚೆನ್ನಾಗಿ ಹೊಂದುತ್ತದೆ. ನಮ್ಮ ಮಾತಿನಲ್ಲಿ ಮೊದಲೇ ಇದ್ದದ್ದು ‘ಲಿಮಿಟ್’: ‘ಲಿಮಿಟ್‌ನಾಗಿರು’. ಎರಡಕ್ಕೂ ದನಿ ಬೇರೆ. ಲಿಮಿಟ್ ಎದುರಿನವನಿಗೆ ಹಾಕುವ ಬೆದರಿಕೆ. ಬೌಂಡರಿ ನನ್ನ ಸುತ್ತ ನಾನೇ ಎಳೆದುಕೊಂಡ ಗೆರೆ. ಅನುವಾದದಲ್ಲಿ ಇವನ್ನು ಅದಲುಬದಲು ಮಾಡಿದರೆ ಸಮಾಧಾನದ ಮಾತು ಜಗಳದ ಮಾತಾಗುತ್ತದೆ.

ಬೇವಿನ ಮರದ ಕಾಗದವನ್ನು ಕೊನೆಗೆ ಹೀಗೆ ತಿದ್ದಿದೆ: ‘ದ ನೀಮ್ ಟ್ರೀ ಸ್ಟ್ಯಾಂಡಿಂಗ್ ಆನ್ ದ ನಾರ್ದರ್ನ್ ಬಂಡ್, ವಿದಿನ್ ದ ಬೌಂಡರೀಸ್ ಆಫ್ ದ ಸೇಡ್ ಲ್ಯಾಂಡ್’. ವಕೀಲರು ಓದಿ ತಲೆ ಅಲ್ಲಾಡಿಸಿದರು. ಹೊಲದ ಯಜಮಾನ ಪಕ್ಕದಲ್ಲೇ ಕೂತಿದ್ದ. ಏನು ಬರೆದಿ ಅಂತ ಕೇಳಿದ, ಕನ್ನಡದಲ್ಲಿ ಹೇಳಿದೆ. ‘ಅಷ್ಟುದ್ದ ಯಾಕ? ಬದು ನಂದು ಅಂತ ಬರಿ’ ಅಂದ.